ಪಾಪಣ್ಣನವರ ಬುಧವಾರ

ಗುಟ್ಟೇಪಾಳ್ಯದ ಛೇರ್ಮನ್ ಪಾಪಣ್ಣನವರು ದೂರವನ್ನು ಮೈಲಿಯಲ್ಲಿ ಹೇಳುತ್ತಿರಲಿಲ್ಲ, ಕಿಲೋಮೀಟರಿನಲ್ಲಂತೂ ಕೇಳಲೇಬೇಡಿ. ಒಬ್ಬ ಮುದುಕಿ ಅಷ್ಟು ದೂರ ನಡೆದು ಹೋಗಲು ದಾರಿಯಲ್ಲಿ ಎಷ್ಟು ಸಲ ಕೂರಬೇಕಾಗುತ್ತದೆ ಎಂಬುದೇ ಅವರ ಅಳತೆ. "ಪೀಣ್ಯದ ಟೀ ಅಂಗಡೀಗಾ? ಎರಡು ಕೂರೋದು ಕಣಪ್ಪ" ಎನ್ನುವರು. "ರಾಜಗೋಪಾಲನಗರದ ಮಿಲ್ಲಿಗೆ ಮೂರು. ತಲೆ ಮೇಲೆ ರಾಗಿ ಇದ್ರೆ ಐದು." ಕೇಳಿದ ಹೊಸಬರು ಇದ್ಯಾವ ಸರ್ಕಾರಿ ಅಳತೆಯೋ ಎಂದು ನನ್ನ ಮುಖ ನೋಡುತ್ತಿದ್ದರು. ನಾನು ಪಂಚಾಯಿತಿಯ ಕಾರ್ಯದರ್ಶಿ. ಎಲ್ಲಕ್ಕೂ ನನ್ನ ಹತ್ತಿರ ಒಂದು ನಿಯಮ ಇದ್ದೇ ಇರುತ್ತದೆಂದು ಜನರ ನಂಬಿಕೆ.

ನಾನು ಆ ಪಂಚಾಯಿತಿಗೆ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ವಯಸ್ಸು ಇಪ್ಪತ್ನಾಲ್ಕು. ಕೈಯಲ್ಲಿ ನಿಯಮಗಳ ಪುಸ್ತಕ, ತಲೆಯಲ್ಲಿ ಕೆಲಸ ಹೋದೀತೆಂಬ ಭಯ, ಇವೆರಡು ಬಿಟ್ಟರೆ ನನ್ನಲ್ಲಿ ಹೆಚ್ಚೇನೂ ಇರಲಿಲ್ಲ. ಮೊದಲ ದಿನ ತುಮಕೂರು ರಸ್ತೆಯಲ್ಲಿ ಬಸ್ಸಿಳಿದು, ಕಾರ್ಖಾನೆಗಳ ಗೋಡೆ ಸುತ್ತಿಕೊಂಡು, ಧೂಳು ಮೆತ್ತಿದ ಪ್ಯಾಂಟಿನಲ್ಲಿ ಕಚೇರಿಗೆ ಹೋಗಿ ನಿಂತೆ. ಪಾಪಣ್ಣನವರು ಜಗಲಿಯ ಮೇಲೆ ಕೂತಿದ್ದರು. ಎತ್ತರದ ಆಳು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೆ ಟವೆಲ್, ಕಾಗದಗಳಿಂದ ಉಬ್ಬಿದ ಜುಬ್ಬದ ಜೇಬು. ಅರವತ್ತು ದಾಟಿರಬಹುದು. ನನ್ನ ನೇಮಕದ ಆದೇಶವನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ರಸ್ತೆಯಿಂದ ನಡ್ಕೊಂಡ್ ಬಂದ್ರಾ? ಎಲ್ಲೆಲ್ಲಿ ಕೂತ್ರಿ?"

"ಎಲ್ಲೂ ಕೂರಲಿಲ್ಲ ಸಾರ್."

"ಅಂಗಾದ್ರೆ ದಾರಿ ನಿಮಗಿನ್ನೂ ಗೊತ್ತಿಲ್ಲ ಬುಡಿ" ಎಂದು ಟವೆಲ್ಲಿನಿಂದ ಜಗಲಿ ಒರೆಸಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಈ ಕೂರುವ ಲೆಕ್ಕ ತಮಾಷೆಗೆ ಹುಟ್ಟಿದ್ದಲ್ಲ ಎಂದು ನನಗೆ ಗೊತ್ತಾಗಲು ಕೆಲವು ತಿಂಗಳೇ ಬೇಕಾದವು. ಕಾರ್ಖಾನೆಗಳು ಬರುವ ಮೊದಲು ಗುಟ್ಟೇಪಾಳ್ಯದಿಂದ ಸರ್ಕಾರಿ ಆಸ್ಪತ್ರೆಗೆ ಹೊಲಗಳ ನಡುವೆ ಒಂದು ಕಾಲುದಾರಿ ಇತ್ತಂತೆ. ಕೆರೆ ಏರಿಯ ಮೇಲೆ ಹೋಗಿ, ಹೊಂಗೆ ಮರಗಳ ಸಾಲಿನಲ್ಲಿ ಇಳಿದರೆ ಮುಗಿಯಿತು. ನಾಲ್ಕು ಸಲ ಕೂತರೆ ಸಾಕಿತ್ತು. ಆ ದಾರಿಯ ಮೇಲೆಯೇ ಈಗ ಒಂದು ಕಾರ್ಖಾನೆಯ ಕಾಂಪೌಂಡು ಎದ್ದಿತ್ತು. ಗೋಡೆಯನ್ನು ಸುತ್ತಿ, ಕಬ್ಬಿಣ ಹೇರಿದ ಲಾರಿಗಳು ಓಡಾಡುವ ರಸ್ತೆ ಹಿಡಿದು ಹೋಗಬೇಕು. ಒಂಬತ್ತು ಸಲ ಕೂರಬೇಕು, ಆದರೆ ಕೂರಲು ನೆರಳು ಹಾಗಿರಲಿ, ಒಂದು ಕಲ್ಲೂ ಇರಲಿಲ್ಲ.

ಊರಿನ ಜಮೀನು ಕಾರ್ಖಾನೆಗಳಿಗೆ ಹೋಗುವಾಗ ಒಪ್ಪಿಗೆಯ ಕಾಗದಕ್ಕೆ ಮೊದಲು ಸಹಿ ಹಾಕಿದವರು ಪಾಪಣ್ಣನವರೇ. ಅವರು ಹಾಕಿದರೆಂದು ಮಿಕ್ಕವರೂ ಹಾಕಿದರು. ಕಾಲುದಾರಿ ಹಾಗೆಯೇ ಇರುತ್ತದೆ ಎಂದು ಬಂದಿದ್ದ ಅಧಿಕಾರಿ ಹೇಳಿದ್ದನಂತೆ. ಜಮೀನು ಹೋದದ್ದಕ್ಕೆ ಅವರು ಕೊರಗಿದ್ದನ್ನು ನಾನು ನೋಡಲಿಲ್ಲ. ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿಸಿ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟಿದ್ದರು, ಬದುಕು ಮೊದಲಿಗಿಂತ ಚೆನ್ನಾಗಿಯೇ ಇತ್ತು. ಆದರೆ ಆ ಗೋಡೆಯ ಮಾತು ಬಂದರೆ ಮುಖ ಬಾಡುತ್ತಿತ್ತು. "ಅವ್ರು ಬಾಯಲ್ಲಿ ಯೋಳಿದ್ರು, ನಾನು ಕಿವೀಲಿ ಕೇಳ್ದೆ. ಕಾಗ್ದದಲ್ಲಿ ಇರ್ಲಿಲ್ಲ ಕಣ್ರೀ. ದಾರಿ ಮುಚ್ಚಿಸಿದೋನು ನಾನೇ" ಎನ್ನುತ್ತಿದ್ದರು. ಯಾರೂ ಅವರ ಮೇಲೆ ಆ ಆರೋಪ ಹೊರಿಸಿರಲಿಲ್ಲ. ತಾವೇ ಹೊತ್ತುಕೊಂಡು ತಿರುಗುತ್ತಿದ್ದರು.

ಆಸ್ಪತ್ರೆಗೆ ಬುಧವಾರ ಬೆಳಿಗ್ಗೆ ಪಟ್ಟಣದಿಂದ ಕಣ್ಣಿನ ಡಾಕ್ಟರು ಬರುತ್ತಿದ್ದರು. ವಯಸ್ಸಾದವರ ಕಾಲುನೋವು, ಕೆಮ್ಮು, ಸಕ್ಕರೆ ಕಾಯಿಲೆಗಳನ್ನು ನೋಡುತ್ತಿದ್ದುದೂ ಅಂದೇ. ನಮ್ಮ ಊರಿನಿಂದ ಹನ್ನೆರಡು ಜನ ಮುದುಕ ಮುದುಕಿಯರು ಹೋಗಬೇಕಾದವರಿದ್ದರು. ಮಕ್ಕಳೆಲ್ಲ ಬೆಳಗಿನ ಪಾಳಿಗೆ ಹೋಗಿರುತ್ತಿದ್ದರು. ಈ ಹನ್ನೆರಡರಲ್ಲಿ ಮುನಿಯಕ್ಕ ಪಾಪಣ್ಣನವರ ಅತ್ತಿಗೆ. ತಾಯಿ ಇಲ್ಲದ ಮೈದುನನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಆಪರೇಷನ್ನಿಗೆ ಮೊದಲು ಕೆಲವು ವಾರ ತಪ್ಪದೆ ಬಂದು ಔಷಧಿ ಹಾಕಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು.

ಒಂದು ಬುಧವಾರ ಅವಳು ಯಾರಿಗೂ ಹೇಳದೆ ಒಬ್ಬಳೇ ಹೊರಟುಬಿಟ್ಟಳು. ಗೋಡೆಯ ಮೂಲೆಯಲ್ಲಿ ಲಾರಿಯ ಹಾರನ್ನಿಗೆ ಬೆದರಿ ಪಕ್ಕಕ್ಕೆ ಸರಿದವಳು ಚರಂಡಿಗೆ ಬಿದ್ದು ಮುಂಗೈ ಮುರಿದುಕೊಂಡಳು. ಮನೆಗೆ ಕರೆತಂದ ಮೇಲೆ ಪಾಪಣ್ಣನವರು ಅವಳ ಕಾಲ ಬಳಿ ಕೂತು, "ನನ್ಗೆ ಯೋಳ್ಬಾರದಾಗಿತ್ತಾ ಅತ್ಗೆಮ್ಮಾ?" ಎಂದು ಕೇಳಿದರಂತೆ. ಅವಳು, "ನೋಡ್ಬೇಕಾದ್ದೆಲ್ಲ ನೋಡಾಯ್ತು ಪಾಪಾ. ಕಣ್ಣು ಓದ್ರೆ ಓಗ್ಲಿ ಬುಡು, ಇನ್ ನಾ ಓಗಾಕಿಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳಂತೆ. ಮರುದಿನ ಬೆಳಿಗ್ಗೆ ಏಳಕ್ಕೇ ಪಾಪಣ್ಣನವರು ನನ್ನ ಕೋಣೆಯ ಬಾಗಿಲು ತಟ್ಟಿದರು.

"ಸೆಕ್ರೆಟ್ರಿಯೋರೇ, ಬರ್ಕೊಳ್ಳಿ. ಬುಧವಾರ ಬುಧವಾರ ಮುದುಕ್ರನ್ನ ಆಸ್ಪತ್ರೆಗೆ ಕರ್ಕೊಂಡೋಗೋಕೆ ಪಂಚಾಯ್ತಿ ಗಾಡಿ ಇಡ್ಬೇಕು. ಠರಾವು."

ಠರಾವು ಬರೆದೆ. ಸದಸ್ಯರು ಹೆಚ್ಚು ಮಾತಿಲ್ಲದೆ ಸಹಿ ಹಾಕಿದರು, ಎಲ್ಲರ ಮನೆಯಲ್ಲೂ ಒಬ್ಬೊಬ್ಬರು ಮುದುಕರಿದ್ದರು. ತಾಲ್ಲೂಕಿಗೆ ಕಳಿಸುವ ಪತ್ರದಲ್ಲಿ ನಾನು "ಆಸ್ಪತ್ರೆಯು ಸುಮಾರು ಮೂರು ಮೈಲಿ ದೂರವಿದ್ದು" ಎಂದು ಬರೆದಿದ್ದೆ. ಪಾಪಣ್ಣನವರು ಅಕ್ಷರ ಅಕ್ಷರ ಕೂಡಿಸಿ ಓದಿ, ಅದನ್ನು ಹೊಡೆದು ಹಾಕಿಸಿ, "ಒಂಬತ್ತು ಸಲ ಕೂರಬೇಕಾದಷ್ಟು ದೂರವಿದ್ದು" ಎಂದು ಬರೆಸಿದರು. ಮೂರು ಮೈಲಿ ಅಂದರೆ ಜೀಪಿನಲ್ಲಿ ಓಡಾಡುವವರಿಗೆ ಏನು ತಿಳಿಯುತ್ತದೆ ಎಂಬುದು ಅವರ ವಾದ. ತಿಂಗಳ ನಂತರ ಉತ್ತರ ಬಂತು. ವ್ಯಕ್ತಿಗಳ ಸಾಗಣೆಗೆ ಪಂಚಾಯಿತಿ ನಿಧಿಯಿಂದ ಖರ್ಚು ಮಾಡಲು ಅವಕಾಶವಿಲ್ಲ, ಲೆಕ್ಕದಲ್ಲಿ ಅಂಥ ಖರ್ಚಿನ ಬಾಬತ್ತೇ ಇಲ್ಲ. ಜೊತೆಗೆ, ದೂರವನ್ನು ಅಂಗೀಕೃತ ಅಳತೆಯಲ್ಲಿ ನಮೂದಿಸದಿದ್ದುದಕ್ಕೆ ಕಾರ್ಯದರ್ಶಿ ವಿವರಣೆ ಕೊಡತಕ್ಕದ್ದು. ಆ ವಿವರಣೆ ಬರೆಯುತ್ತಾ ನಾನು ಅರ್ಧ ದಿನ ಬೆವರಿದೆ. ಪಾಪಣ್ಣನವರು ಪಕ್ಕದಲ್ಲಿ ಕೂತು ಕಡಲೇಕಾಯಿ ಸುಲಿಯುತ್ತಿದ್ದರು.

ಗಾಡಿ ಎಂದರೆ ಅವರ ಮನಸ್ಸಿನಲ್ಲಿದ್ದುದು ಗೌಸ್ ಸಾಬರ ಜಟಕಾ. ಸಾಬರು ಊರಿನ ಆಚೆ ತುದಿಯಲ್ಲಿದ್ದವರು. ಇಪ್ಪತ್ತು ವರ್ಷ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆದಿದ್ದರು. ಆಟೋಗಳು ಬಂದ ಮೇಲೆ ಜಟಕಾ ಹತ್ತುವವರು ಇಲ್ಲವಾಗಿ, ರಾಣಿ ಎಂಬ ಹೆಣ್ಣು ಕುದುರೆಯೊಂದಿಗೆ ಮನೆಯಲ್ಲಿ ಕೂತಿದ್ದರು. ಪಾಪಣ್ಣನವರ ಜೊತೆ ನಾನೂ ಒಮ್ಮೆ ಅಲ್ಲಿಗೆ ಹೋಗಿದ್ದೆ. ಸಾಬರು ಕುದುರೆಯ ಬೆನ್ನು ಸವರುತ್ತಾ ಹೇಳಿದರು:

"ಮುದುಕ್ರನ್ನ ಕೂರಿಸ್ಕೊಂಡ್ ಹೋಗಕ್ಕೆ ನನ್ಗೆ ಬಾಡ್ಗೆ ಬೇಡ ಪಾಪಣ್ಣ. ನನ್ ಹೊಟ್ಟೆ ಹೆಂಗೋ ನಡೀತದೆ, ಮಗ ಲೇತ್ ಕೆಲ್ಸಕ್ಕೆ ಹೋಗ್ತಾನೆ. ಇದರ ಹೊಟ್ಟೆಗೇ ಆಗ್ತಾ ಇಲ್ಲ. ಮುಂದಿನ್ ತಿಂಗ್ಳು ಮಾರ್ಬಿಡ್ತೀನಿ."

ವಾಪಸ್ಸು ಬಂದ ಪಾಪಣ್ಣನವರು ಕಚೇರಿಯ ಒಳಗೆ ಬರದೆ ಹಿಂದಕ್ಕೆ ಸುತ್ತಿಕೊಂಡು ಹೋದರು. ಅಲ್ಲಿ ನಮ್ಮ ದನದ ದೊಡ್ಡಿ ಇತ್ತು. ಯಾರದಾದರೂ ಬೆಳೆಗೆ ನುಗ್ಗಿದ ದನಗಳನ್ನು ಹಿಡಿದು ತಂದು ಕೂಡುವ ಜಾಗ. ಬೆಳೆಯೇ ಇಲ್ಲವಾದ ಮೇಲೆ ಅದಕ್ಕೂ ಕೆಲಸವಿರಲಿಲ್ಲ, ಆದರೆ ಮೇವಿಗೆಂದು ವರ್ಷ ವರ್ಷ ಹಣ ತೆಗೆದಿಡುವುದು ಮಾತ್ರ ನಿಂತಿರಲಿಲ್ಲ. ಪಾಪಣ್ಣನವರು ದೊಡ್ಡಿಯ ಬಾಗಿಲಲ್ಲಿ ನಿಂತರು.

"ಇಲ್ಲಿಗೆ ಬಿದ್ದ ದನಕ್ಕೆ ಮೇವು ಆಕೋರು ಯಾರು?"

"ಪಂಚಾಯಿತಿ."

"ಪುಸ್ತಕದಲ್ಲಿ ಐತಾ?"

"ಇದೆ."

"ಕುದುರೆ ದನಾನಾ?"

ಒಳಗೆ ಹೋಗಿ ಪುಸ್ತಕ ತೆಗೆದು ನೋಡಿದೆ. ದನ ಎಂದರೆ ಎಮ್ಮೆ, ಕುದುರೆ, ಕತ್ತೆ, ಕುರಿ, ಹಂದಿ, ಒಂಟೆ, ಆನೆ ಎಲ್ಲವೂ ಸೇರುತ್ತವೆ ಎಂದಿತ್ತು. ಓದಿ ಹೇಳಿದೆ.

"ಆನೆಗೂ ಐತೆ, ಒಂಟೆಗೂ ಐತೆ. ಮುನಿಯಕ್ಕಂಗೆ ಮಾತ್ರ ಇಲ್ಲ" ಎಂದರು. ಆಮೇಲೆ ಮೆಲ್ಲಗೆ ನಗತೊಡಗಿದರು. ಅವರು ನಗುತ್ತಿದ್ದುದೇ ಅಪರೂಪ, ನನಗೆ ಗಾಬರಿಯಾಯಿತು.

ಮರುದಿನ ಗೌಸ್ ಸಾಬರು ರಾಣಿಯನ್ನು ಪಾಪಣ್ಣನವರ ಹಿತ್ತಿಲಿನಲ್ಲಿ ಉಳಿದಿದ್ದ ತುಂಡು ರಾಗಿ ತಾಕಿಗೆ ನುಗ್ಗಿಸಬೇಕು, ಪಾಪಣ್ಣನವರು ದೂರು ಕೊಡಬೇಕು, ನಾವು ಹಿಡಿದು ದೊಡ್ಡಿಗೆ ಹಾಕಬೇಕು ಎಂದು ನಿಶ್ಚಯವಾಯಿತು. ರಾಣಿ ಬಲು ಮರ್ಯಾದಸ್ಥ ಕುದುರೆ. ಗಾಡಿಗೆ ಕಟ್ಟಿದಾಗಿನಿಂದ ರಸ್ತೆ ಬಿಟ್ಟು ಇಳಿದದ್ದಲ್ಲ, ಎಷ್ಟು ತಳ್ಳಿದರೂ ತಾಕಿಗೆ ಕಾಲಿಡಲಿಲ್ಲ. ಕೊನೆಗೆ ಸಾಬರು ಮುಂದಿನಿಂದ ಎಳೆದು, ನಾನು ಹಿಂದಿನಿಂದ ನೂಕಿ, ಹೇಗೋ ನಾಲ್ಕು ಹೆಜ್ಜೆ ಒಳಗೆ ತಂದೆವು. ಪೈರಿಗೆ ಬಾಯಿಯನ್ನೇ ಹಾಕಲಿಲ್ಲ ಅದು. ಬದುವಿನ ಮೇಲೆ ನಿಂತು ಪಾಪಣ್ಣನವರು ಇಬ್ಬರು ಸಾಕ್ಷಿಗಳ ಎದುರು, "ಅಯ್ಯಯ್ಯೋ, ನನ್ನ ರಾಗಿಯೆಲ್ಲ ಓಯ್ತಲ್ಲಪ್ಪೋ!" ಎಂದು ಕೂಗಿದರು. ನಾಟಕದಲ್ಲಿ ಪಾತ್ರ ಮಾಡಿ ಅಭ್ಯಾಸವಿಲ್ಲದ ಮನುಷ್ಯ, ಕೂಗಿ ಮುಗಿಸಿ, "ಸಾಕಾ?" ಎಂದು ನನ್ನನ್ನೇ ಕೇಳಿದರು.

ದೊಡ್ಡಿಯ ರಿಜಿಸ್ಟರಿನಲ್ಲಿ ಬರೆಯುವಾಗ ನಾನು ಜಾಣತನ ತೋರಿಸಿದೆ. ಒಡೆಯ ಯಾರೆಂಬ ಕಾಲಂನಲ್ಲಿ ಗೌಸ್ ಸಾಬರ ಹೆಸರು ಬರೆದರೆ ಅವರು ದಂಡ ಕಟ್ಟಿ ಕುದುರೆ ಬಿಡಿಸಿಕೊಂಡು ಹೋಗಬೇಕಾಗುತ್ತದೆ. ಅದಕ್ಕೆ "ವಾರಸುದಾರರು ತಿಳಿದುಬಂದಿಲ್ಲ" ಎಂದು ಬರೆದೆ. ಊರಿನ ನಾಯಿಗಳಿಗೂ ರಾಣಿಯ ವಾರಸುದಾರರು ಯಾರೆಂದು ಗೊತ್ತಿತ್ತು. ಕುದುರೆ ಪ್ರತಿ ಬುಧವಾರ ಹೊರಗೆ ಹೋಗುವುದಕ್ಕೆ ಕಾರಣ ಬೇಕಲ್ಲ, "ನೀರು ಕುಡಿಸಲು ಬಿಡಲಾಗಿದೆ" ಎಂದು ಬರೆದೆ. ಅಂದಿನಿಂದ ರಾಣಿಗೆ ಪಂಚಾಯಿತಿಯ ಹುಲ್ಲು, ಪಂಚಾಯಿತಿಯ ಹುರುಳಿ. ಮುದುಕರಿಗೆ ಗಾಡಿ.

ಆ ಬುಧವಾರಗಳು ನೋಡಬೇಕಾದಂಥವು. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ತಲೆಗೆ ಎಣ್ಣೆ ಹಚ್ಚಿಕೊಂಡು, ಔಷಧಿಯ ಸೀಸೆ ಹಿಡಿದು, ಮದುವೆಗೆ ಹೊರಟವರ ಹಾಗೆ ಅರಳಿಕಟ್ಟೆಯಲ್ಲಿ ಸೇರುತ್ತಿದ್ದರು. ಜಟಕಾ ಹಿಂದಕ್ಕೆ ವಾಲದಂತೆ ಭಾರ ನೋಡಿ ಕೂರಿಸಬೇಕು. ಗೌಸ್ ಸಾಬರು ಯಾವ ಸಂಕೋಚವೂ ಇಲ್ಲದೆ, "ದಪ್ಪ ಇರೋರು ಮುಂದೆ ಬನ್ನಿ, ದಪ್ಪ ಇರೋರು ಮುಂದೆ!" ಎಂದು ಕರೆಯುತ್ತಿದ್ದರು. ಮುಂದೆ ಕೂರುವುದು ಮರ್ಯಾದೆಯ ಜಾಗವೆಂದು ಗೌಡರ ಮನೆಯ ಬಡಕಲು ಅಜ್ಜ ಜಗಳ ತೆಗೆಯುತ್ತಿದ್ದ. ಸಾಬರು ಅವನನ್ನು ಮುಂದೆ ಕೂರಿಸಿ, ಅವನ ತೊಡೆಯ ಮೇಲೆ ಹುರುಳಿಯ ಚೀಲ ಇಟ್ಟು ತೂಕ ಸರಿ ಮಾಡುತ್ತಿದ್ದರು. ಮೂರು ಸುತ್ತಿನಲ್ಲಿ ಹನ್ನೆರಡು ಜನ ಹೋಗುತ್ತಿದ್ದರು. ಪಾಪಣ್ಣನವರು ಮಾತ್ರ ಗಾಡಿ ಹತ್ತುತ್ತಿರಲಿಲ್ಲ. ಗೋಡೆಯ ಮೂಲೆ ದಾಟುವವರೆಗೆ ಮುನಿಯಕ್ಕ ಕೂತ ಪಕ್ಕಕ್ಕೆ, ಗಾಡಿಯ ಕಂಬಿ ಹಿಡಿದು ನಡೆಯುತ್ತಿದ್ದರು. ಆರು ತಿಂಗಳಲ್ಲಿ ಅವಳ ಒಂದು ಕಣ್ಣಿಗೆ ಆಪರೇಷನ್ ಆಯಿತು. ಕಟ್ಟು ಬಿಚ್ಚಿದ ದಿನ ಮೈದುನನ ಮುಖ ನೋಡಿ, "ಎಷ್ಟು ವಯಸ್ಸಾಗೋಯ್ತೋ ನಿಂಗೆ!" ಎಂದು ಬೈದಳು. ಇನ್ನೊಂದು ಕಣ್ಣು ಬಾಕಿ ಇತ್ತು.

ಆಗ ಬಂದರು ತನಿಖೆಗೆ ತಾಲ್ಲೂಕಿನ ಹೊಸ ಅಧಿಕಾರಿ. ಬಂದದ್ದೂ ಬುಧವಾರವೇ. ನಡುವಯಸ್ಸಿನ, ಸೌಮ್ಯ ಮುಖದ ಮನುಷ್ಯ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ದೊಡ್ಡಿಯ ರಿಜಿಸ್ಟರು ಓದಿದರು. ಒಂದು ಕುದುರೆ, ಎಂಟು ತಿಂಗಳಿಂದ ದೊಡ್ಡಿಯಲ್ಲಿದೆ, ವಾರಸುದಾರರಿಲ್ಲ.

"ಏನ್ರೀ ಇದು, ಈ ಕುದುರೆಗೆ ಬುಧವಾರ ಮಾತ್ರ ಬಾಯಾರಿಕೆಯೇ?"

ನಾನು ಬಾಯಿ ತೆರೆಯುವ ಮೊದಲೇ ಹೊರಗೆ ಗೆಜ್ಜೆಯ ಸದ್ದಾಯಿತು. ನೀರು ಕುಡಿಯಲು ಹೋಗಿದ್ದ ಕುದುರೆ ನಾಲ್ವರು ಮುದುಕಿಯರನ್ನು ಹೊತ್ತ ಜಟಕಾ ಎಳೆದುಕೊಂಡು ಕಚೇರಿಯ ಮುಂದೆ ಬಂದು ನಿಂತಿತು. ಅಧಿಕಾರಿ ಎದ್ದು ಹೊರಗೆ ಹೋದರು. ಇಳಿಯಲು ಕಾಲು ಚಾಚಿ ತಡಕಾಡುತ್ತಿದ್ದ ಮುನಿಯಕ್ಕನ ಕೈ ಹಿಡಿದು ಅವರೇ ಇಳಿಸಿದರು. "ಒಳ್ಳೇದಾಗ್ಲಿ ಕಣಪ್ಪ, ಯಾರ ಮಗನೋ" ಎಂದಳು ಅವಳು. ಅಧಿಕಾರಿ ಒಳಗೆ ಬಂದು ರಿಜಿಸ್ಟರು ಮುಚ್ಚಿಟ್ಟು, ನಡೆದದ್ದು ಹೇಳಿ ಎಂದರು. ಪಾಪಣ್ಣನವರು ಎಲ್ಲವನ್ನೂ ಒಪ್ಪಿಕೊಂಡರು, ಗೋಡೆಯ ಕಥೆಯನ್ನೂ ಹೇಳಿದರು. ಅಧಿಕಾರಿ ತಾಳ್ಮೆಯಿಂದ ಕೇಳಿ, "ಛೇರ್ಮನ್ರೇ, ನೀವು ಮಾಡಿದ್ದು ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರೋಲ್ಲ. ಆದರೆ ನೋಡಿಯೂ ಬಿಟ್ಟೆ ಅಂದರೆ ನನ್ನ ಕೆಲಸ ಹೋಗುತ್ತೆ" ಎಂದರು. ನನ್ನನ್ನು ಕರೆದು ಪುಸ್ತಕದ ಮುಂದಿನ ಪುಟ ತೋರಿಸಿದರು. ವಾರಸುದಾರರಿಲ್ಲದ ಪ್ರಾಣಿಯನ್ನು ಡಂಗುರ ಹೊಡೆಸಿ ಬಹಿರಂಗ ಹರಾಜು ಹಾಕಬೇಕು. ನಾನು ಹಿಂದಿನ ಪುಟದವರೆಗೆ ಮಾತ್ರ ಓದಿದ್ದೆ. ಹದಿನೈದು ದಿನದಲ್ಲಿ ಹರಾಜು ಎಂದು ಬರೆದು ಸಹಿ ಹಾಕಿ ಹೋದರು.

ತಪ್ಪು ನನ್ನದು. ಇವತ್ತಿಗೂ ಅದನ್ನು ನಾನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ಗೌಸ್ ಸಾಬರು ಬಂದು ಕುದುರೆ ನನ್ನದು ಎನ್ನೋಣವೆಂದರೆ, ಎಂಟು ತಿಂಗಳ ಮೇವಿನ ಖರ್ಚನ್ನೂ ದಂಡವನ್ನೂ ಅವರೇ ಕಟ್ಟಬೇಕು. ಗಾಡಿ, ಕುದುರೆ ಎರಡನ್ನೂ ಮಾರಿದರೂ ಅಷ್ಟು ಹುಟ್ಟುತ್ತಿರಲಿಲ್ಲ. ಪಂಚಾಯಿತಿಯ ಸದಸ್ಯರಾಗಲಿ ನೌಕರರಾಗಲಿ ಹರಾಜಿನಲ್ಲಿ ಕೂಗುವ ಹಾಗಿಲ್ಲ. ನಾನು ಮತ್ತೆ ಒಂದು ಜಾಣತನ ಹೇಳಿದೆ.

"ಛೇರ್ಮನ್ರೇ, ನಿಮ್ಮ ಮಗನ ಕೈಲಿ ಕೂಗಿಸಿಬಿಡೋಣ."

"ಪುಸ್ತಕದಲ್ಲಿ ಏನೈತೆ, ಓದಿ."

ಓದಿದೆ. ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಎಂದಿತ್ತು.

"ಒಂದ್ ಸುಳ್ಳು ಬರ್ದಿದ್ದಕ್ಕೆ ಇಷ್ಟಾಗೈತೆ. ಇನ್ನೊಂದು ಬ್ಯಾಡ" ಎಂದು ಎದ್ದು ಹೋದರು. ಆ ಹದಿನೈದು ದಿನ ಅವರು ನನ್ನ ಮೇಲೆ ಒಂದು ಸಲವಾದರೂ ರೇಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ರೇಗಲಿಲ್ಲ.

ಹರಾಜಿನ ದಿನ ಅರಳಿಕಟ್ಟೆಯ ಹತ್ತಿರ ನಲವತ್ತು ಐವತ್ತು ಜನ ಸೇರಿದ್ದರು. ಪಟ್ಟಣದಿಂದ ಮದುವೆ ಮೆರವಣಿಗೆಗೆ ಕುದುರೆ ಕೊಡುವ ವ್ಯಾಪಾರಿ ಒಬ್ಬ ಬಂದಿದ್ದ. ರಾಣಿಯ ಹಲ್ಲು ಬಿಡಿಸಿ ನೋಡಿ, ಕಾಲೆತ್ತಿ ಲಾಳ ನೋಡಿ, ತಲೆದೂಗಿದ. ಹನ್ನೆರಡು ಜನ ಮುದುಕರೂ ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಕೂಗಿಸಬೇಕಾದವನು ನಾನು. ವ್ಯಾಪಾರಿ ಮೊದಲ ಸವಾಲು ಕೂಗಿದ. ಒಂದು ಸರ್ತಿ ಎಂದೆ. ಹಿಂದಿನಿಂದ ಪಾಪಣ್ಣನವರು ಅದರ ಮೇಲೆ ಹತ್ತು ರೂಪಾಯಿ ಹೆಚ್ಚಿಗೆ ಕೂಗಿದರು.

ಹರಾಜು ನಡೆಸಲು ಬಂದು ಕೂತಿದ್ದ ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದರು. ನಾನು ಪಾಪಣ್ಣನವರ ಹತ್ತಿರ ಹೋಗಿ ಪಿಸುಗುಟ್ಟಿದೆ.

"ನೀವು ಕೂಗೋ ಹಾಗಿಲ್ಲ ಛೇರ್ಮನ್ರೇ."

"ಯಾವ ಛೇರ್ಮನ್ನು?" ಎಂದು ಜುಬ್ಬದ ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟರು.

ರಾಜೀನಾಮೆ. ವಾರದ ಹಿಂದೆಯೇ ತಾಲ್ಲೂಕಿಗೂ ಮೇಲಿನ ಅಸಿಸ್ಟೆಂಟ್ ಕಮಿಷನರ ಕಚೇರಿಗೆ ಹೋಗಿ ಕೊಟ್ಟು, ಅಂಗೀಕಾರದ ಮೊಹರು ಹಾಕಿಸಿಕೊಂಡು ಬಂದಿದ್ದರು. ಅಧ್ಯಕ್ಷತೆಗೂ ರಾಜೀನಾಮೆ, ಸದಸ್ಯತ್ವಕ್ಕೂ ರಾಜೀನಾಮೆ. ಕಾರಣ ಎಂಬಲ್ಲಿ ಅವರದೇ ಕೈಬರಹದಲ್ಲಿ, "ಕುದುರೆ ಕೊಳ್ಳುವುದಕ್ಕೆ" ಎಂದಿತ್ತು. ಅಧಿಕಾರಿ ಕಾಗದ ಇಸಿದುಕೊಂಡು ಓದಿ, ಕನ್ನಡಕ ತೆಗೆದು ಒರೆಸಿ, "ಮುಂದುವರೆಸಿ" ಎಂದರು.

ವ್ಯಾಪಾರಿ ಸುಲಭಕ್ಕೆ ಬಿಡುವ ಆಸಾಮಿಯಾಗಿರಲಿಲ್ಲ. ಅವನು ಏರಿಸಿದಂತೆಲ್ಲ ಪಾಪಣ್ಣನವರೂ ಏರಿಸಿದರು. ಕೊನೆಗೆ ಒಂದು ಮುದಿ ಕುದುರೆಗೆ ಯಾರೂ ಕೊಡದಷ್ಟು ಬೆಲೆಗೆ ಕೂಗಿ ನಿಂತರು. ಇದೇನೋ ಹಟದ ಮಾತು ಎಂದುಕೊಂಡು ವ್ಯಾಪಾರಿ ಕೈಬಿಟ್ಟ. ಮೂರು ಸರ್ತಿ ಎಂದು ಕೂಗಿ ಮುಗಿಸಿದೆ. ಮುದುಕರಲ್ಲಿ ಕೆಲವರು ಕೈ ತಟ್ಟಿದರು, ಮುನಿಯಕ್ಕ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಾಪಣ್ಣನವರು ಹಣ ಕಟ್ಟಿ, ನನ್ನಿಂದ ರಸೀತಿ ಪಡೆದು, ಹಗ್ಗವನ್ನು ಗೌಸ್ ಸಾಬರ ಕೈಗೆ ಕೊಟ್ಟು, "ನಡಿ, ನಾಳೆ ಬುಧವಾರ" ಎಂದರು. ನಾನು ಸಾಯುವವರೆಗೆ ಮರೆಯಲಾರದ ಮಾತು ಅದು. ಹದಿನಾರು ವರ್ಷ ಛೇರ್ಮನ್ ಆಗಿದ್ದವರು, ಕಚೇರಿಯ ಕಡೆ ತಿರುಗಿಯೂ ನೋಡದೆ ಹೋದರು.

ಅದಾದ ಎರಡು ತಿಂಗಳಿಗೆ ನನಗೆ ಒಂದು ಮೆಮೋ ಬಂತು, ಅದರ ಹಿಂದೆಯೇ ಬೊಮ್ಮನಹಳ್ಳಿಯ ಆಚೆಗೆ ವರ್ಗವೂ ಬಂತು. ಹೊಸೂರು ರಸ್ತೆಯ ಕಡೆ ಆಗ ತಾನೆ ಕಾರ್ಖಾನೆಗಳು ಏಳುತ್ತಿದ್ದವು. ಯಾವ ಊರಿನಲ್ಲಿ ಜಮೀನಿನ ಕಾಗದ ಬಂದರೂ, ಓಡಾಡುವ ದಾರಿ ಅದರಲ್ಲಿ ಬರೆದಿದೆಯೇ ಎಂದು ನೋಡದೆ ನಾನು ಯಾರ ಕೈಲೂ ಸಹಿ ಹಾಕಿಸುತ್ತಿರಲಿಲ್ಲ. ಅಲ್ಲಿನವರು ನನ್ನನ್ನು ದಾರಿ ಸೆಕ್ರೆಟ್ರಿ ಎಂದು ಗೇಲಿ ಮಾಡುತ್ತಿದ್ದರು.

ಏಳೆಂಟು ವರ್ಷ ಕಳೆಯಿತು. ರಾಜಗೋಪಾಲನಗರದಲ್ಲಿ ನನ್ನ ತಂಗಿಯ ಮನೆಯಾಯಿತು. ಒಂದು ಬುಧವಾರ ಬೆಳಿಗ್ಗೆ ಅಲ್ಲಿಗೆ ಹೋಗುತ್ತಾ, ಹಾಗೆಯೇ ಪಾಪಣ್ಣನವರನ್ನೂ ನೋಡೋಣವೆಂದು ಗುಟ್ಟೇಪಾಳ್ಯದ ತಿರುವಿನಲ್ಲಿ ಇಳಿದೆ. ಆ ವೇಳೆಗೆ ಸಿಟಿ ಬಸ್ಸು ಅಲ್ಲಿಯವರೆಗೆ ಬರುತ್ತಿತ್ತು. ಹುಡುಕುವ ಕೆಲಸವೇ ಬೀಳಲಿಲ್ಲ. ಸ್ಟಾಪಿನಲ್ಲಿ ಏಳೆಂಟು ಜನ ಮುದುಕ ಮುದುಕಿಯರ ನಡುವೆ ಅವರು ನಿಂತಿದ್ದರು. ಬಹಳ ಇಳಿದುಹೋಗಿದ್ದರು, ಜುಬ್ಬ ಗೂಟಕ್ಕೆ ನೇತು ಹಾಕಿದ ಹಾಗಿತ್ತು. ಕಂಕುಳಲ್ಲಿ ಒಂದು ಮಣೆ. ಎರಡು ಊಟದ ಮಣೆಗಳನ್ನು ಒಂದರ ಮೇಲೊಂದಿಟ್ಟು ಮೊಳೆ ಹೊಡೆಸಿದ್ದರು.

"ಓ ಸೆಕ್ರೆಟ್ರಿಯೋರು! ಇರಿ, ಈ ಬಸ್ಸೊಂದು ಕಳಿಸ್ಬುಡ್ತೀನಿ."

ಬಸ್ಸು ಬಂತು. ಪಾಪ, ಮುದುಕರಿಗೆ ಆ ಮೆಟ್ಟಿಲು ಎಟುಕುವಂತಿರಲಿಲ್ಲ. ಪಾಪಣ್ಣನವರು ಬಗ್ಗಿ ಮಣೆ ಇಟ್ಟರು. ಒಬ್ಬೊಬ್ಬರೇ ಅದರ ಮೇಲೆ ಕಾಲಿಟ್ಟು ಹತ್ತಿದರು. ಕಂಡಕ್ಟರು, "ಬೇಗ ತಾತಾ, ಬೇಗ ಬೇಗ" ಎಂದು ಗೊಣಗಿದರೂ ಸೀಟಿ ಊದಲಿಲ್ಲ, ಅಭ್ಯಾಸವಾಗಿತ್ತೆಂದು ಕಾಣುತ್ತದೆ. ರಾಣಿ ಮೂರು ವರ್ಷ ಗಾಡಿ ಎಳೆದು ಸತ್ತಿತೆಂದೂ, ಗೌಸ್ ಸಾಬರು ಮಗಳ ಊರು ಸೇರಿದರೆಂದೂ ಹತ್ತಿಸುತ್ತಲೇ ಹೇಳಿದರು. ಆಸ್ಪತ್ರೆಯ ಸ್ಟಾಪಿನಲ್ಲಿ ಎತ್ತರದ ಕಟ್ಟೆ ಇದೆ, ಅಲ್ಲಿ ಇಳಿಯಲು ಹತ್ತಲು ತೊಂದರೆಯಿಲ್ಲ. ತೊಂದರೆ ಇರುವುದು ಇಲ್ಲಿ ಮಾತ್ರ. ಮಧ್ಯಾಹ್ನ ಬಸ್ಸು ಬರುವವರೆಗೆ ಇಲ್ಲೇ ಕಾದಿದ್ದು ಮತ್ತೆ ಮಣೆ ಇಟ್ಟು ಇಳಿಸುತ್ತಾರಂತೆ. ಪಂಚಾಯಿತಿಯಿಂದ ಒಂದು ಮರದ ಮೆಟ್ಟಿಲು ಮಾಡಿಸಿಕೊಡಿ, ಇಟ್ಟು ತೆಗೆಯಲು ಒಂದು ಆಳು ಕೊಡಿ ಎಂದು ಎರಡು ಸಲ ಅರ್ಜಿ ಕೊಟ್ಟಿದ್ದರಂತೆ. ಬಾಬತ್ತಿಲ್ಲ ಎಂದಿದ್ದರಂತೆ.

ಕೊನೆಯದಾಗಿ ಹತ್ತಿದ ಮುನಿಯಕ್ಕ ಕಿಟಕಿಯಿಂದ ನನ್ನನ್ನು ಗುರುತಿಸಿದಳು. ಎರಡು ಕಣ್ಣೂ ಕಾಣುತ್ತಿದ್ದವು.

"ನೀನಾದ್ರೂ ಯೋಳಪ್ಪ ಇವನ್ಗೆ. ಎದೆ ನೋವು ಅಂತಾನೆ, ರಾತ್ರಿಯೆಲ್ಲ ಕೂತೇ ಇರ್ತಾನೆ. ಮೂರು ತಿಂಗ್ಳಾಯ್ತು, ಡಾಕ್ಟ್ರತ್ರ ಬಾ ಅಂದ್ರೆ ಬರಾಕಿಲ್ಲ."

ನಾನು ಅವರ ಕಡೆ ತಿರುಗಿದೆ. "ನೀವು ಯಾಕೆ ಹತ್ತಲಿಲ್ಲ?"

"ನಾನ್ ಹತ್ತಿದ್ರೆ ಮಣೆ ಎತ್ಕೊಳ್ಳೋರು ಯಾರು?" ಎಂದರು. ದೂರುವ ದನಿಯಲ್ಲಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದರು, ಅಷ್ಟೇ.

ನಾನು ಅವರ ರಟ್ಟೆ ಹಿಡಿದು ಮಣೆಯ ಮೇಲೆ ನಿಲ್ಲಿಸಿದೆ. ಬೇಡ ಬೇಡವೆಂದರು, ಕಂಡಕ್ಟರು ಒಳಗಿನಿಂದ ಕೈ ಕೊಟ್ಟ. ಹತ್ತಿದ ಮೇಲೂ ಬಾಗಿಲಲ್ಲಿ ನಿಂತು, "ಮಧ್ಯಾಹ್ನ ಹನ್ನೆರಡೂವರೆ ಬಸ್ಸು. ಕಲ್ಲಿನ ಮೇಲೆ ಇಡ್ಬೇಡಿ, ಅಳ್ಳಾಡ್ತದೆ. ಮಣ್ಣಿನ ಮೇಲೆ ಇಡಿ" ಎಂದು ಹೇಳುತ್ತಲೇ ಇದ್ದರು. ಬಸ್ಸು ಹೊರಟಿತು. ತಂಗಿಯ ಮನೆಗೆ ಹೋಗಲಿಲ್ಲ. ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟಾಪಿನಲ್ಲಿ ಕೂತೆ.

ಹನ್ನೆರಡೂವರೆ ಬಸ್ಸು ಒಂದೂಕಾಲಿಗೆ ಬಂತು. ಮಣ್ಣಿನ ಮೇಲೆ ಮಣೆ ಇಟ್ಟೆ. ಎಲ್ಲರೂ ಇಳಿದರು. ಪಾಪಣ್ಣನವರು ಇಳಿಯಲಿಲ್ಲ. ಡಾಕ್ಟರು ನೋಡಿದ ಕೂಡಲೇ ದಾಖಲು ಮಾಡಿಕೊಂಡರಂತೆ. ಇಷ್ಟು ದಿನ ಯಾಕೆ ಬರಲಿಲ್ಲವೆಂದು ಬೈದರಂತೆ. ಮುನಿಯಕ್ಕ ನನ್ನ ತೋಳು ಹಿಡಿದು ಕೆಳಗಿಳಿದು, ಏದುಸಿರು ಬಿಡುತ್ತಾ ನಿಂತಳು. ಮಣೆ ಯಾರಿಗೆ ಕೊಡಲಿ ಎಂದು ಕೇಳಿದೆ.

"ನಿನ್ನತ್ರಾನೆ ಇರ್ಲಿ. ಅವನು ಬಂದ್ಮ್ಯಾಕೆ ಇಸ್ಕೊಂತಾನೆ" ಎಂದಳು.

ಶನಿವಾರ ಸುದ್ದಿ ಬಂತು. ಭಾನುವಾರ ಹೋಗಿ ಮಣ್ಣು ಹಾಕಿ ಬಂದೆ. ಬುಧವಾರ ರಜೆ ಬರೆದುಕೊಟ್ಟು, ಬೆಳಿಗ್ಗೆ ಎಂಟಕ್ಕೆ ಮಣೆ ತೆಗೆದುಕೊಂಡು ಹೋಗಿ ಸ್ಟಾಪಿನಲ್ಲಿ ನಿಂತೆ.